ಗರಗಸದ ಗೆರೆ

ನಮ್ಮ ಯಾಲಾಲದಾಗ ಬಡಿಗೇರು ಹಲಗಿ ಕೊಯ್ಯೋದು ಎಲ್ಲರೂ ನೋಡೀವಿ. ನಾರ್ವೆ ದೇಶದ ಚಿತ್ರಕಾರ ಎಡ್ವರ್ಡ್ ಮುಂಕ್ 1899ರಲ್ಲಿ ಗರಗಸದಿಂದಲೇ ಒಂಟಿತನ ತೋರಿಸಿದ. ‘ಒಂಟಿಗರು’ ಎಂಬ ಅವನ ಅಚ್ಚುಚಿತ್ರದಲ್ಲಿ ಒಬ್ಬ ಗಂಡಸು, ಒಬ್ಬ ಹೆಂಗಸು ಸಮುದ್ರದ ದಂಡೆಗೆ ನಮಗೆ ಬೆನ್ನು ಮಾಡಿ ನಿಂತಾರೆ. ಕೆತ್ತಿದ ಹಲಗೆಯನ್ನು ಕೊಯ್ದು, ತುಂಡುಗಳಿಗೆ ಬೇರೆ ಬೇರೆ ಬಣ್ಣ ಹಚ್ಚಿ, ಮತ್ತೆ ಜೋಡಿಸಿ ಕಾಗದದ ಮೇಲೆ ಒತ್ತಿದ. ಸಂದು ಬಿಳಿ ಗೆರೆಯಾಗಿ ಉಳಿಯಿತು.

ಐದು ವರ್ಷದವನಿದ್ದಾಗ ತಾಯಿ, 1877ರಲ್ಲಿ ಅಕ್ಕ, ಇಬ್ಬರೂ ಕ್ಷಯದಿಂದ ತೀರಿದ್ದರು. ಆ ದುಃಖ ಅವನ ಕೈಬಿಡಲಿಲ್ಲ. ಮುಂದೆ 1905ರಲ್ಲಿ ಜರ್ಮನಿಯ ಡ್ರೆಸ್ಡೆನ್ ಊರಲ್ಲಿ ಗುಂಪು ಕಟ್ಟಿದ ಹುಡುಗರೂ ಮನಸ್ಸಿನ ಸಂಕಟ ಹೇಳಲು ಮರದಚ್ಚನ್ನೇ ಹಿಡಿದರು.

ಅವ್ವ ಹೋದ ಮೇಲೆ ಅಪ್ಪ, ನಾನು ಕೆರೆ ಕಟ್ಟೆ ಮೇಲೆ ಹೀಂಗೇ ನಿಂತಿದ್ದೆವು. ಮಾತಿರಲಿಲ್ಲ. ಆ ಬಿಳಿ ಗೆರೆ ನಂಗ ಗುರ್ತು ಸಿಕ್ಕಿತು.