‘ನಾವು ಅಂಗವಿಕಲರಲ್ಲ’ ಎಂದರೆ ಯಾರಿಗೆ ಲಾಭ? ನರವೈವಿಧ್ಯ ಚಳವಳಿಗೆ ಮೈತ್ರಿ ಏಕೆ ಬೇಕು

ಏಳೆಂಟು ವರ್ಷದ ಹಿಂದಿನ ಮಾತು. ಎಂಜಿನಿಯರಿಂಗ್ ಮುಗಿಸಿ ಬೆಂಗಳೂರಿನ ಒಂದು ಸಾಫ್ಟ್‌ವೇರ್ ಕಂಪನಿಯಲ್ಲಿದ್ದೆ. ಇನ್ನು ಮೇಲೆ ಯಾರಿಗೂ ಖಾಯಂ ಸೀಟು ಇಲ್ಲ, ದಿನಾ ಬುಕ್ ಮಾಡಿ ಸಿಕ್ಕಿದ ಕಡೆ ಕೂರಬೇಕು ಅನ್ನೋ ನಿಯಮ ಬಂತು. ನನಗೆ ಎಡಿಎಚ್‌ಡಿ ಇದೆ. ಗೋಡೆ ಪಕ್ಕದ ಮೂಲೆ ತಪ್ಪಿದರೆ, ಎದುರು ಓಡಾಡುವ ಪ್ರತಿಯೊಬ್ಬರ ಹಿಂದೆಯೂ ನನ್ನ ಗಮನ ಹೊರಟುಬಿಡುತ್ತದೆ. ನಮ್ಮ ತಂಡದ ಹಿರಿಯ ಸಹೋದ್ಯೋಗಿಯೊಬ್ಬರಿಗೆ ಕಣ್ಣು ಕಾಣದು. ಲಿಫ್ಟ್‌ನಿಂದ ಸೀಟಿಗೆ ಎಷ್ಟು ಹೆಜ್ಜೆ ಅಂತ ಅವರಿಗೆ ಲೆಕ್ಕ ಇತ್ತು. ಈಗ ಆ ಲೆಕ್ಕ ದಿನಾ ತಪ್ಪತೊಡಗಿತು. ಇಬ್ಬರೂ ಬೇರೆ ಬೇರೆಯಾಗಿ ಎಚ್‌ಆರ್‌ಗೆ ಮೇಲ್ ಹಾಕಿದೆವು. ಇಬ್ಬರಿಗೂ ಒಂದೇ ಉತ್ತರ: ಒಬ್ಬರಿಗಾಗಿ ನಿಯಮ ಬದಲಿಸಲಾಗದು.

ಒಟ್ಟಿಗೆ ಬರೆಯೋಣ ಅಂತ ಅವರೇ ಹೇಳಿದರು. ಅವರ ಕರಡಿನಲ್ಲಿ ‘ಅಂಗವಿಕಲ ಉದ್ಯೋಗಿಗಳಾದ ನಾವು’ ಎಂದಿತ್ತು. ನಾನು ಹಿಂದೇಟು ಹಾಕಿದೆ. “ಸರ್, ನಾನು ಅಂಗವಿಕಲ ಅಲ್ಲ, ನನ್ನ ಮೆದುಳು ಸ್ವಲ್ಪ ಬೇರೆ ಥರ ಅಷ್ಟೇ” ಅಂದೆ. ಅವರು ನಕ್ಕು, “ಹಾಗಾದ್ರೆ ನನ್ನ ಕಣ್ಣೂ ಸ್ವಲ್ಪ ಬೇರೆ ಥರ ಅಷ್ಟೇ ಮಾರಾಯ” ಅಂದರು.

ನನಗೆ ನಾಚಿಕೆಯಾಯಿತು. ಆದರೆ ಆ ಹಿಂದೇಟು ನನ್ನೊಬ್ಬನದಲ್ಲ. ನರವೈವಿಧ್ಯ ಚಳವಳಿಯೊಳಗೇ ಅದು ಮತ್ತೆ ಮತ್ತೆ ತಲೆ ಎತ್ತುತ್ತದೆ.

ನರವೈವಿಧ್ಯ ಎಂದರೇನು?

ಎಲ್ಲರ ಮೆದುಳೂ ಒಂದೇ ಅಚ್ಚಿನದಲ್ಲ. ಆಟಿಸಂ, ಎಡಿಎಚ್‌ಡಿ, ಡಿಸ್ಲೆಕ್ಸಿಯಾ ಇತ್ಯಾದಿಗಳನ್ನು ವಾಸಿ ಮಾಡಬೇಕಾದ ರೋಗಗಳೆಂದು ನೋಡುವ ಬದಲು ಮನುಷ್ಯರ ನಡುವಿನ ಸಹಜ ವ್ಯತ್ಯಾಸಗಳೆಂದು ನೋಡಬೇಕು ಅನ್ನೋದು ಈ ವಿಚಾರದ ತಿರುಳು. ಆಸ್ಟ್ರೇಲಿಯಾದ ಸಮಾಜಶಾಸ್ತ್ರಜ್ಞೆ ಜೂಡಿ ಸಿಂಗರ್ ಹೆಸರು ಈ ಪದದ ಜೊತೆ ಕೇಳಿಬರುತ್ತದೆ. ಆದರೆ ಇದು ಒಬ್ಬರ ತಲೆಯಲ್ಲಿ ಹುಟ್ಟಿದ್ದಲ್ಲ. 1990ರ ದಶಕದಲ್ಲಿ ಆಟಿಸಂ ಇರುವವರು ಆನ್‌ಲೈನ್‌ನಲ್ಲಿ ನಡೆಸಿದ ಚರ್ಚೆಗಳಲ್ಲಿ ಬೆಳೆದದ್ದು.

ಇಲ್ಲಿ ಒಂದು ತಪ್ಪು ಓದು ಸುಲಭವಾಗಿ ನುಸುಳುತ್ತದೆ: ‘ಬೇರೆ’ ಎಂದರೆ ‘ಅಂಗವಿಕಲ ಅಲ್ಲ’ ಅಂತ. ಇದು ಕಂಪನಿಗಳಿಗೂ ಇಷ್ಟ, ಕೋಡ್ ಬರೆಯಬಲ್ಲ ನಮ್ಮಂಥವರಿಗೂ ಇಷ್ಟ. ಆದರೆ ಮಾತು ಬಾರದ ಆಟಿಸಂ ಮಗು, ಬೌದ್ಧಿಕ ವೈಕಲ್ಯವಿರುವ ಯುವಕ, ದಿನದ ಇಪ್ಪತ್ನಾಲ್ಕು ಗಂಟೆಯೂ ನೆರವು ಬೇಕಾದವರು ಈ ಚಿತ್ರದಿಂದ ಹೊರಗೆ ಬೀಳುತ್ತಾರೆ. ಅವರನ್ನು ಹೊರಗಿಟ್ಟರೆ ‘ವೈವಿಧ್ಯ’ ಅನ್ನೋ ಪದಕ್ಕೇ ಅರ್ಥವಿಲ್ಲ.

ಸಾಲ ತಂದ ವಿಚಾರ

ಈ ಚಳವಳಿಯ ಮುಖ್ಯ ಆಯುಧವೇ ಬೇರೆಯವರಿಂದ ಬಂದದ್ದು. ತೊಂದರೆ ಇರುವುದು ಬರೀ ದೇಹದಲ್ಲಲ್ಲ, ಮೆಟ್ಟಿಲು ಮಾತ್ರ ಕಟ್ಟಿ ರ‍್ಯಾಂಪ್ ಮರೆಯುವ ಸಮಾಜದಲ್ಲಿದೆ ಎಂಬ ವಾದವನ್ನು ಬ್ರಿಟನ್ನಿನ ದೈಹಿಕ ಅಂಗವಿಕಲರ ಸಂಘಟನೆಯೊಂದು 1976ರಲ್ಲೇ ಮುಂದಿಟ್ಟಿತ್ತು. ಅದಕ್ಕೆ ‘ಸಾಮಾಜಿಕ ಮಾದರಿ’ ಎಂದು ಹೆಸರು ಕೊಟ್ಟ ಮೈಕ್ ಆಲಿವರ್ ಗಾಲಿಕುರ್ಚಿ ಬಳಸುತ್ತಿದ್ದವರು. ನಾವು ಇಂದು ಮೆದುಳಿನ ಬಗ್ಗೆ ಹೇಳುವುದನ್ನು ಅವರು ಕಾಲಿನ ಬಗ್ಗೆ ಮೊದಲೇ ಹೇಳಿದ್ದರು.

ಒಗ್ಗಟ್ಟು ಹೇಗೆ ಕೆಲಸ ಮಾಡುತ್ತದೆ ಅನ್ನೋದಕ್ಕೂ ಹಳೆಯ ಪಾಠವಿದೆ. 1977ರ ಏಪ್ರಿಲ್‌ನಲ್ಲಿ ಅಮೆರಿಕದ ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ನೂರಕ್ಕೂ ಹೆಚ್ಚು ಜನ ಸರ್ಕಾರಿ ಕಚೇರಿಯೊಂದರಲ್ಲಿ ಮೂರು ವಾರ ದಾಟಿ ಧರಣಿ ಕೂತರು. ಅಂಗವಿಕಲರ ವಿರುದ್ಧದ ತಾರತಮ್ಯ ತಡೆಯುವ 504ನೇ ಸೆಕ್ಷನ್‌ಗೆ ನಿಯಮ ಜಾರಿಯಾಗಬೇಕೆಂಬುದು ಬೇಡಿಕೆ. ಅಧಿಕಾರಿಗಳು ಫೋನ್ ಕಡಿದಾಗ, ಕಿವಿ ಕೇಳದ ಹೋರಾಟಗಾರರು ಕಿಟಕಿಯಿಂದ ಸಂಜ್ಞೆ ಭಾಷೆಯಲ್ಲಿ ಹೊರಗಿನವರಿಗೆ ಸುದ್ದಿ ಮುಟ್ಟಿಸಿದರು. ಬ್ಲ್ಯಾಕ್ ಪ್ಯಾಂಥರ್ ಪಕ್ಷದವರು ಊಟ ತಂದುಕೊಟ್ಟರು. ಕೊನೆಗೆ ನಿಯಮಗಳಿಗೆ ಸಹಿ ಬಿತ್ತು.

ಮೂವತ್ತು ವರ್ಷದ ನಂತರ ಆ ಪಾಠವನ್ನು ನರವೈವಿಧ್ಯ ಚಳವಳಿ ಬಳಸಿಕೊಂಡಿತು. 2007ರ ಡಿಸೆಂಬರ್‌ನಲ್ಲಿ ನ್ಯೂಯಾರ್ಕ್ ವಿಶ್ವವಿದ್ಯಾಲಯದ ಮಕ್ಕಳ ಅಧ್ಯಯನ ಕೇಂದ್ರ ಒಂದು ಜಾಹೀರಾತು ಸರಣಿ ಹಾಕಿತು. ಆಟಿಸಂ, ಎಡಿಎಚ್‌ಡಿ, ಖಿನ್ನತೆಗಳು ಮಗುವನ್ನು ಅಪಹರಿಸಿ ಪೋಷಕರಿಗೆ ಬೆದರಿಕೆ ಪತ್ರ ಬರೆದಂತೆ ಅವನ್ನು ರೂಪಿಸಲಾಗಿತ್ತು. ಆಗಿನ್ನೂ ಕಾಲೇಜು ವಿದ್ಯಾರ್ಥಿಯಾಗಿದ್ದ ಆರಿ ನೀಮನ್ ಅವರ, ಹುಟ್ಟಿ ಒಂದು ವರ್ಷವಷ್ಟೇ ಆಗಿದ್ದ ಆಟಿಸಂ ಸಂಘಟನೆ ಒಂಟಿಯಾಗಿ ಕೂಗಲಿಲ್ಲ. ಬೇರೆ ಬೇರೆ ವೈಕಲ್ಯಗಳ ಸಂಘಟನೆಗಳ ಸಹಿ ಕೂಡಿಸಿತು. ಅದೇ ತಿಂಗಳಲ್ಲಿ ಜಾಹೀರಾತುಗಳು ಕೆಳಗಿಳಿದವು.

ನಮ್ಮಲ್ಲಿ ಒಂದು ಪರ್ಸೆಂಟಿನ ಜಗಳ

ಭಾರತದ 1995ರ ಕಾಯ್ದೆ ಏಳು ಬಗೆಯ ವೈಕಲ್ಯಗಳನ್ನು ಮಾತ್ರ ಗುರುತಿಸಿತ್ತು. ಆಟಿಸಂ ಅದರಲ್ಲಿ ಇರಲಿಲ್ಲ. 2016ರ ಕಾಯ್ದೆ ಪಟ್ಟಿಯನ್ನು 21ಕ್ಕೆ ಏರಿಸಿತು. ಆಟಿಸಂ, ಕಲಿಕಾ ನ್ಯೂನತೆಗಳು ಒಳಗೆ ಬಂದವು. ಎಡಿಎಚ್‌ಡಿ ಹೆಸರು ಇನ್ನೂ ಪಟ್ಟಿಯಲ್ಲಿಲ್ಲ.

ಸರ್ಕಾರಿ ಉದ್ಯೋಗದಲ್ಲಿ ಕನಿಷ್ಠ 4% ಮೀಸಲಾತಿ ಇದೆ. ದೃಷ್ಟಿ, ಶ್ರವಣ, ಚಲನೆ ಸಂಬಂಧಿ ವೈಕಲ್ಯಗಳಿಗೆ ತಲಾ 1%. ಉಳಿದ ಒಂದು ಪರ್ಸೆಂಟನ್ನು ಆಟಿಸಂ, ಬೌದ್ಧಿಕ ವೈಕಲ್ಯ, ಕಲಿಕಾ ನ್ಯೂನತೆ, ಮಾನಸಿಕ ಅಸ್ವಸ್ಥತೆ, ಬಹುವಿಧ ವೈಕಲ್ಯ ಇರುವವರೆಲ್ಲ ಹಂಚಿಕೊಳ್ಳಬೇಕು. ಇಂಥ ಹಂಚಿಕೆಯಲ್ಲಿ ಪಕ್ಕದವರ ತಟ್ಟೆ ನೋಡೋದು ಸಹಜ: ಇವರಿಗೆ ನಿಜವಾಗಿ ವೈಕಲ್ಯ ಇದೆಯಾ, ಇವರಿಂದ ನಮ್ಮ ಪಾಲು ಹೋಯ್ತಾ? ಹಾಗೆ ಕಚ್ಚಾಡಿದಷ್ಟೂ, ಪಾತ್ರೆ ಯಾಕೆ ಇಷ್ಟು ಸಣ್ಣದು ಅಂತ ಸರ್ಕಾರವನ್ನು ಕೇಳುವವರು ಇಲ್ಲವಾಗುತ್ತಾರೆ.

ಅದೇ ಕಾಯ್ದೆಯಲ್ಲಿ ಎಲ್ಲರನ್ನೂ ಜೋಡಿಸುವ ಮಾತೂ ಇದೆ. ವ್ಯಕ್ತಿಗೆ ಬೇಕಾದ ಸೂಕ್ತ ಹೊಂದಾಣಿಕೆಯನ್ನು ನಿರಾಕರಿಸುವುದೂ ತಾರತಮ್ಯವೇ ಎಂದು ಅದು ಹೇಳುತ್ತದೆ. ಈ ಮಾತು 21 ಬಗೆಗಳಿಗೂ ಒಂದೇ. ಮೈತ್ರಿ ಕಟ್ಟಬೇಕಾದ್ದು ಇದರ ಮೇಲೆ.

ಬೇಡಿಕೆಗಳು ಡಿಕ್ಕಿ ಹೊಡೆದಾಗ

ಮೈತ್ರಿ ಸಲೀಸಲ್ಲ. ಕಣ್ಣು ಕಾಣದವರಿಗೆ ಧ್ವನಿ ಪ್ರಕಟಣೆ ಬೇಕು. ಆಟಿಸಂ ಇರುವ ಅನೇಕರಿಗೆ ಅದೇ ಸದ್ದು ಹಿಂಸೆ. ಸಂಜ್ಞೆ ಭಾಷೆ ನೋಡೋದಕ್ಕೆ ಒಳ್ಳೆಯ ಬೆಳಕು ಬೇಕು. ಪ್ರಖರ ಬೆಳಕು ಇನ್ನೊಬ್ಬರಿಗೆ ತಲೆನೋವು. ಎಂಜಿನಿಯರಿಂಗ್‌ನಲ್ಲಿ ಎರಡು ಬೇಡಿಕೆಗಳು ಡಿಕ್ಕಿ ಹೊಡೆದರೆ ಒಂದನ್ನು ಬಿಸಾಕುವುದಿಲ್ಲ, ವಿನ್ಯಾಸ ಬದಲಿಸುತ್ತೇವೆ. ಪ್ರಕಟಣೆ ಸ್ಪಷ್ಟವಾಗಿರಲಿ, ಅಬ್ಬರ ಬೇಡ. ಜೊತೆಗೆ ಪರದೆಯ ಮೇಲೆ ಬರಹ ಇರಲಿ, ಪಕ್ಕದಲ್ಲೊಂದು ಸದ್ದಿಲ್ಲದ ಕೋಣೆ ಇರಲಿ. ಆ ಬರಹ ಕಿವಿ ಕೇಳದವರಿಗೂ ಬೇಕು, ಅರ್ಧ ಕೇಳಿ ಮರೆಯುವ ನನಗೂ ಬೇಕು. ಸರ್ಕಾರಿ ಸುತ್ತೋಲೆ ಸರಳ ಕನ್ನಡದಲ್ಲಿದ್ದರೆ ಬೌದ್ಧಿಕ ವೈಕಲ್ಯ ಇರುವವರಿಗೆ, ಡಿಸ್ಲೆಕ್ಸಿಯಾ ಇರುವವರಿಗೆ ಮಾತ್ರವಲ್ಲ, ನಮ್ಮೆಲ್ಲರಿಗೂ ಉಪಕಾರ.

ಆ ಪತ್ರಕ್ಕೆ ಕೊನೆಗೆ ಮೂವರು ಸಹಿ ಹಾಕಿದೆವು. ಮೂರನೆಯವರು ಪೋಲಿಯೊದಿಂದಾಗಿ ಕ್ಯಾಲಿಪರ್ ಹಾಕಿ ನಡೆಯುತ್ತಿದ್ದ ಅಕೌಂಟ್ಸ್ ವಿಭಾಗದ ಮೇಡಂ. ‘ಒಬ್ಬರಿಗಾಗಿ’ ಅನ್ನೋ ಉತ್ತರ ಈಗ ನಡೆಯಲಿಲ್ಲ. ತಿಂಗಳೊಳಗೆ ಪ್ರತಿ ಮಹಡಿಯಲ್ಲೂ ಕೆಲವು ಸೀಟು ಖಾಯಂ ಆದವು. ‘ಅಂಗವಿಕಲ ಉದ್ಯೋಗಿಗಳಾದ ನಾವು’ ಎಂಬ ಸಾಲು ಹಾಗೇ ಇತ್ತು. ಅದರ ಕೆಳಗೆ ನನ್ನ ಹೆಸರೂ ಇತ್ತು.