ಮೊಳಕೆಯಲ್ಲಿ ಸಿರಿ ಹುಡುಕುವವರು

ಬೆಳೆಯುವ ಸಿರಿ ಮೊಳಕೆಯಲ್ಲೇ ಕಾಣುತ್ತದೆ ಎಂಬುದು ನಮ್ಮ ಹಿರಿಯರ ಮಾತು. ಗಾದೆ ಹೇಳುವುದು ಸುಲಭ. ಆದರೆ ಒಂದು ಮೊಳಕೆಯನ್ನು ತೋರಿಸಿ, 'ಇದು ಇನ್ನು ಐದು ವರ್ಷಕ್ಕೆ ಎಷ್ಟು ಫಲ ಕೊಡುತ್ತದೆ, ಬರೆದುಕೊಡಿ, ಅದರ ಮೇಲೆ ಲಕ್ಷಗಟ್ಟಲೆ ಹಣ ಹೂಡುತ್ತೇವೆ' ಎಂದರೆ ಎಷ್ಟು ಮಂದಿ ಮುಂದೆ ಬಂದಾರು? ಅಮೆರಿಕದಲ್ಲಿ ಹೀಗೆ ಬರೆದುಕೊಡುವುದನ್ನೇ ವೃತ್ತಿ ಮಾಡಿಕೊಂಡವರಿದ್ದಾರೆ. ಅವರ ಪಾಲಿನ ಮೊಳಕೆಗಳು ಹದಿನೇಳು, ಹದಿನೆಂಟರ ಹುಡುಗರು. ಹೊಲ, ಬೇಸ್‌ಬಾಲ್ ಮೈದಾನ. ಈ ವೃತ್ತಿಯವರಿಗೆ 'ಸ್ಕೌಟ್' ಎಂದು ಹೆಸರು.

ಬೇಸ್‌ಬಾಲ್ ಕ್ರಿಕೆಟ್ಟಿನ ದೂರದ ದಾಯಾದಿ ಎನ್ನಬಹುದು. ಚೆಂಡನ್ನು ನೆಲಕ್ಕೆ ಪುಟಿಸದೆ ನೇರವಾಗಿ ಎಸೆಯುವವನು ಪಿಚರ್. ದುಂಡನೆಯ ದಾಂಡಿನಿಂದ ಅದನ್ನು ಬಾರಿಸುವವನು ದಾಂಡಿಗ. ಅವನ ಹಿಂದೆ ಕುಕ್ಕರಗಾಲಿನಲ್ಲಿ ಕುಳಿತು ಚೆಂಡು ಹಿಡಿಯುವ ಕ್ಯಾಚರ್ ನಮ್ಮ ವಿಕೆಟ್‌ಕೀಪರ್‌ನ ಸ್ಥಾನದಲ್ಲಿದ್ದಾನೆ. ಅಮೆರಿಕದ ಮೇಜರ್ ಲೀಗ್‌ನಲ್ಲಿ ಈಗ 30 ತಂಡಗಳಿವೆ. ಇವು ವರ್ಷಕ್ಕೊಮ್ಮೆ ಸೇರಿ ಶಾಲೆ, ಕಾಲೇಜುಗಳ ಹವ್ಯಾಸಿ ಆಟಗಾರರನ್ನು ಸರದಿಯಂತೆ ಆರಿಸಿಕೊಳ್ಳುತ್ತವೆ. ಈ ಆಯ್ಕೆಯೇ 'ಡ್ರಾಫ್ಟ್'. ನಮ್ಮ ಐಪಿಎಲ್ ಹರಾಜಿಗೂ ಇದಕ್ಕೂ ಮೂಲದಲ್ಲೇ ವ್ಯತ್ಯಾಸವಿದೆ. ಹರಾಜಿನಲ್ಲಿ ಹೆಚ್ಚು ಹಣ ಕೂಗಿದವರಿಗೆ ಆಟಗಾರ ಸಿಗುತ್ತಾನೆ. ಡ್ರಾಫ್ಟಿನಲ್ಲಿ ಸರದಿ ಯಾರದೋ ಅವರಿಗೆ ಸಿಗುತ್ತಾನೆ. ಆ ಮೇಲೆ ಬೇರೆ ಯಾವ ತಂಡವೂ ಅವನ ಜತೆ ಮಾತುಕತೆ ನಡೆಸುವಂತಿಲ್ಲ.

ಹಣದ ಪೈಪೋಟಿ ತಂದ ಕಟ್ಟಳೆ

ಡ್ರಾಫ್ಟ್ ಇಲ್ಲದ ಕಾಲದಲ್ಲಿ ಸ್ಕೌಟ್ ಎಂದರೆ ಅಲೆಮಾರಿ ವ್ಯಾಪಾರಿ. ಹಳ್ಳಿ ಹಳ್ಳಿ ಸುತ್ತಿ, ಪ್ರತಿಭೆಯುಳ್ಳ ಹುಡುಗನನ್ನು ಕಂಡುಹಿಡಿದು, ಅವನ ಮನೆಯ ಅಡುಗೆಮನೆಯ ಮೇಜಿನ ಮೇಲೆಯೇ ಕರಾರಿಗೆ ಸಹಿ ಹಾಕಿಸಿಕೊಳ್ಳುತ್ತಿದ್ದ. ಇನ್ನೊಂದು ತಂಡದವನು ಬರುವ ಮೊದಲು ಸಹಿ ಬೀಳಬೇಕು, ಅಷ್ಟೆ. 1920ರ ದಶಕದಲ್ಲಿ ಸೇಂಟ್ ಲೂಯಿಸ್ ಕಾರ್ಡಿನಲ್ಸ್ ತಂಡದ ಬ್ರಾಂಚ್ ರಿಕಿ ಇದಕ್ಕೊಂದು ವ್ಯವಸ್ಥೆ ಕಟ್ಟಿದರು. ಕಿರಿಯ ದರ್ಜೆಯ ತಂಡಗಳನ್ನು ಕೊಂಡು, ನೂರಾರು ಹುಡುಗರನ್ನು ಅಗ್ಗಕ್ಕೆ ಸೇರಿಸಿ, ಅವರನ್ನು ಬೆಳೆಸಿ, ಗಟ್ಟಿಕಾಳನ್ನು ಮಾತ್ರ ಮೇಲಕ್ಕೆ ತರುವುದು ಅವರ ಕ್ರಮ. ಕರಿಯರಿಗೆ ಮುಚ್ಚಿದ್ದ ಮೇಜರ್ ಲೀಗ್‌ನ ಬಾಗಿಲನ್ನು 1945ರಲ್ಲಿ ಜ್ಯಾಕಿ ರಾಬಿನ್ಸನ್‌ರೊಂದಿಗೆ ಕರಾರು ಮಾಡಿಕೊಂಡು ತೆರೆದವರೂ ಇದೇ ರಿಕಿ. ಆಗ ಅವರು ಬ್ರೂಕ್ಲಿನ್ ಡಾಡ್ಜರ್ಸ್ ತಂಡದಲ್ಲಿದ್ದರು.

ಎರಡನೆಯ ಮಹಾಯುದ್ಧದ ನಂತರ ಹುಡುಗರ ಬೆಲೆ ಏರತೊಡಗಿತು. ಇದಕ್ಕೆ ಕಡಿವಾಣ ಹಾಕಲು ಮಾಲೀಕರು 1953ರಿಂದ 1957ರವರೆಗೆ ಒಂದು ವಿಚಿತ್ರ ನಿಯಮ ಇಟ್ಟರು. 4,000 ಡಾಲರಿಗಿಂತ ಹೆಚ್ಚು ಬೋನಸ್ ಪಡೆದ ಹೊಸಬನನ್ನು ಎರಡು ವರ್ಷ ಮುಖ್ಯ ತಂಡದಲ್ಲೇ ಇರಿಸಿಕೊಳ್ಳಬೇಕು, ಕಿರಿಯ ತಂಡಕ್ಕೆ ಕಳಿಸುವಂತಿಲ್ಲ! ಕಲಿಯಬೇಕಾದ ವಯಸ್ಸಿನ ಹುಡುಗರು ಹಿರಿಯರ ಪಕ್ಕದಲ್ಲಿ ಬೆಂಚು ಕಾಯ್ದರು. ಮುಂದೆ ಮಹಾನ್ ಪಿಚರ್ ಎನಿಸಿದ ಸ್ಯಾಂಡಿ ಕೂಫ್ಯಾಕ್ಸ್ ಕೂಡ ಮೊದಲ ಎರಡು ವರ್ಷ ಹೀಗೆಯೇ ಕಳೆದರು. ಬೋನಸ್ ಮಾತ್ರ ಇಳಿಯಲಿಲ್ಲ. 1964ರಲ್ಲಿ ವಿಸ್ಕಾನ್ಸಿನ್ ವಿಶ್ವವಿದ್ಯಾಲಯದ ರಿಕ್ ರೈಕಾರ್ಟ್ ಎಂಬ ವಿದ್ಯಾರ್ಥಿಗೆ ಏಂಜಲ್ಸ್ ತಂಡ 2 ಲಕ್ಷ ಡಾಲರಿಗೂ ಮೀರಿ ಕೊಟ್ಟಿತು. ಆಗ ವಿಲ್ಲಿ ಮೇಸ್‌ರಂಥ ತಾರೆಯ ಇಡೀ ವರ್ಷದ ಸಂಬಳವೇ ಸುಮಾರು 1 ಲಕ್ಷ ಡಾಲರ್. ಮಾಲೀಕರು ಬೆಚ್ಚಿದರು.

ಇನ್ನೊಂದು ಚಿಂತೆಯೂ ಇತ್ತು. 1949ರಿಂದ 1964ರವರೆಗಿನ 16 ವರ್ಷಗಳಲ್ಲಿ ನ್ಯೂಯಾರ್ಕ್ ಯಾಂಕೀಸ್ 14 ಬಾರಿ ಅಮೆರಿಕನ್ ಲೀಗ್‌ನ ಅಗ್ರಸ್ಥಾನ ಪಡೆದಿತ್ತು. ಹಣವಂತರೇ ಗೆಲ್ಲುತ್ತಿದ್ದರೆ ಉಳಿದ ಊರುಗಳ ಜನ ಮೈದಾನಕ್ಕೆ ಏಕೆ ಬರಬೇಕು? ಅಮೆರಿಕನ್ ಫುಟ್‌ಬಾಲ್‌ನವರು 1936ರಿಂದಲೇ ಡ್ರಾಫ್ಟ್ ನಡೆಸುತ್ತಿದ್ದರು. ಬೇಸ್‌ಬಾಲ್ ಅದೇ ದಾರಿ ಹಿಡಿಯಿತು. 1965ರ ಜೂನ್ 8ರಂದು ನ್ಯೂಯಾರ್ಕಿನ ಕೊಮೊಡೋರ್ ಹೋಟೆಲಿನಲ್ಲಿ ಮೊದಲ ಡ್ರಾಫ್ಟ್ ನಡೆಯಿತು. ಹಿಂದುಳಿದ ತಂಡಗಳಿಗೆ ಮೊದಲ ಮಣೆ ಎಂಬುದು ಅದರ ಸೂತ್ರ. ಕಾನ್ಸಾಸ್ ಸಿಟಿ ಅಥ್ಲೆಟಿಕ್ಸ್ ತಂಡ ಅರಿಜೋನಾ ಸ್ಟೇಟ್ ವಿಶ್ವವಿದ್ಯಾಲಯದ ರಿಕ್ ಮಂಡೆಯನ್ನು ಮೊದಲಿಗನಾಗಿ ಆರಿಸಿತು. ಆತನಿಗೆ ಸಿಕ್ಕ ಬೋನಸ್ ಸುಮಾರು 1 ಲಕ್ಷ ಡಾಲರ್. ಹಿಂದಿನ ವರ್ಷ ರೈಕಾರ್ಟ್‌ಗೆ ಸಿಕ್ಕಿದ್ದರ ಅರ್ಧ!

ಸೂತ್ರ ಫಲಿಸಿತು ಎನ್ನಲು ಅದೇ ಅಥ್ಲೆಟಿಕ್ಸ್ ಸಾಕ್ಷಿ. ಮೊದಲ ಎರಡು ಡ್ರಾಫ್ಟ್‌ಗಳಲ್ಲೇ ಸ್ಯಾಲ್ ಬ್ಯಾಂಡೊ, ಜೀನ್ ಟೆನಸ್, ರೆಜಿ ಜ್ಯಾಕ್ಸನ್ ಅದರ ಕೈಸೇರಿದರು. 1968ರಲ್ಲಿ ಓಕ್ಲೆಂಡಿಗೆ ನೆಲೆ ಬದಲಿಸಿದ ಆ ತಂಡ 1972, 1973, 1974ರಲ್ಲಿ ಸತತವಾಗಿ ವಿಶ್ವ ಸರಣಿ ಗೆದ್ದಿತು.

20ರಿಂದ 80ರವರೆಗೆ

ಡ್ರಾಫ್ಟ್ ಬಂದ ಮೇಲೆ ಸ್ಕೌಟ್‌ನ ಕೆಲಸದ ಸ್ವರೂಪವೇ ಬದಲಾಯಿತು. ಮೊದಲು ಅವನು ಹುಡುಗನ ತಂದೆತಾಯಿಯ ಮನವೊಲಿಸಬೇಕಿತ್ತು. ಈಗ ತನ್ನದೇ ತಂಡದ ಯಜಮಾನರ ಮನವೊಲಿಸಬೇಕು. ಅದಕ್ಕೆ ಅವನ ಕೈಯಲ್ಲಿರುವುದು ಒಂದು ವರದಿ. ದಾಂಡಿಗನಲ್ಲಿ ಐದು ಗುಣ ನೋಡುತ್ತಾರೆ: ಚೆಂಡನ್ನು ಸರಿಯಾಗಿ ತಾಗಿಸುವುದು, ದೂರಕ್ಕೆ ಬಾರಿಸುವ ಬಲ, ಓಟ, ಎಸೆತ, ಕ್ಷೇತ್ರರಕ್ಷಣೆ. ಪ್ರತಿಯೊಂದಕ್ಕೂ 20ರಿಂದ 80ರವರೆಗೆ ಅಂಕ. 50 ಎಂದರೆ ಮೇಜರ್ ಲೀಗ್‌ನ ಸಾಧಾರಣ ಮಟ್ಟ. 80 ಅಪರೂಪದಲ್ಲಿ ಅಪರೂಪ. ಸ್ವಾರಸ್ಯವೆಂದರೆ ಪ್ರತಿ ಗುಣಕ್ಕೂ ಎರಡೆರಡು ಅಂಕ ಕೊಡಬೇಕು. ಒಂದು ಇವತ್ತಿನದು, ಇನ್ನೊಂದು ಮುಂದೆ ಆಗಬಹುದಾದದ್ದು. ಮೊದಲನೆಯದನ್ನು ಕಣ್ಣಿದ್ದವರೆಲ್ಲ ಕೊಡಬಲ್ಲರು. ಸ್ಕೌಟ್‌ಗೆ ಸಂಬಳ ಸಿಗುವುದು ಎರಡನೆಯದಕ್ಕೆ.

ಓಟಕ್ಕೆ ಗಡಿಯಾರವಿದೆ. ದಾಂಡಿಗ ನಿಲ್ಲುವ ಜಾಗದಿಂದ ಮೊದಲ ಬೇಸ್‌ಗೆ 90 ಅಡಿ. ಬಲಗೈ ದಾಂಡಿಗ ಚೆಂಡು ಬಾರಿಸಿ ಸುಮಾರು 4.3 ಸೆಕೆಂಡಿನಲ್ಲಿ ಮುಟ್ಟಿದರೆ ಸಾಧಾರಣ ಎಂದು ಲೆಕ್ಕ. 1970ರ ದಶಕದ ನಡುವಿನಲ್ಲಿ, ಪೊಲೀಸರು ವಾಹನಗಳ ವೇಗ ಅಳೆಯಲು ಬಳಸುತ್ತಿದ್ದ ರಾಡಾರ್ ಯಂತ್ರವೂ ಮೈದಾನಕ್ಕೆ ಬಂದು ಪಿಚರ್‌ನ ಎಸೆತವನ್ನು ಅಳೆಯತೊಡಗಿತು. ಆದರೆ ಧೈರ್ಯವನ್ನು ಅಳೆಯುವ ಯಂತ್ರ ಯಾವುದು? ಸೋತ ಮರುದಿನ ಹುಡುಗ ಹೇಗೆ ನಡೆದುಕೊಳ್ಳುತ್ತಾನೆ, ತಂದೆಯ ಭುಜ ನೋಡಿದರೆ ಮಗ ಇನ್ನೆಷ್ಟು ಬೆಳೆದಾನು, ಮನೆಬಿಟ್ಟು ಬಸ್ಸಿನಲ್ಲಿ ಅಲೆಯುವ ಒಂಟಿತನವನ್ನು ತಾಳಿಯಾನೇ? ಇವೆಲ್ಲವನ್ನೂ ಕಣ್ಣಳತೆಯಲ್ಲೇ ತೂಗಬೇಕಿತ್ತು.

ಈ ಕಣ್ಣಳತೆಗೆ ಹೆಸರಾದವರು ಓಹಾಯೊ ಸೀಮೆಯ ಟೋನಿ ಲುಕಾಡೆಲೊ. ಶಿಕಾಗೊ ಕಬ್ಸ್ ಮತ್ತು ಫಿಲಡೆಲ್ಫಿಯಾ ಫಿಲೀಸ್ ತಂಡಗಳಿಗಾಗಿ ದುಡಿದು, ಮೇಜರ್ ಲೀಗ್ ಮುಟ್ಟಿದ ಸುಮಾರು 50 ಆಟಗಾರರನ್ನು ಆರಿಸಿದವರು. ಉಳಿದ ಸ್ಕೌಟ್‌ಗಳು ಕ್ಯಾಚರ್‌ನ ಹಿಂದೆ ಸಾಲಾಗಿ ಕುಳಿತರೆ, ಇವರು ಮೈದಾನದ ಸುತ್ತ ನಡೆಯುತ್ತ ಮೂಲೆ ಮೂಲೆಯಿಂದ ನೋಡುತ್ತಿದ್ದರು. ಈ ಆಟದ ಬಹುಪಾಲು ನಡೆಯುವುದು ಸೊಂಟದಿಂದ ಕೆಳಗೆ ಎಂದು ನಂಬಿ ಹುಡುಗರ ಕಾಲುಗಳನ್ನು ಗಮನಿಸುತ್ತಿದ್ದರು. ಮೈಕ್ ಶ್ಮಿಟ್ ಎಂಬ ಹುಡುಗನ ಎರಡೂ ಮಂಡಿಗಳಿಗೆ ಪೆಟ್ಟಾಗಿತ್ತು. ಹಲವರು ಅವನನ್ನು ಮರೆತಿದ್ದರು. ಲುಕಾಡೆಲೊ ಮಾತ್ರ, ಇತರರಿಗೆ ಸುಳಿವು ಸಿಗದಂತೆ ಮರೆಯಲ್ಲಿ ನಿಂತು ಅವನನ್ನು ನೋಡುತ್ತಲೇ ಇದ್ದರು. 1971ರ ಡ್ರಾಫ್ಟಿನ ಎರಡನೆಯ ಸುತ್ತಿನಲ್ಲಿ ಫಿಲೀಸ್ ಅವನನ್ನು ಆರಿಸಿತು. ಅದೇ ಶ್ಮಿಟ್ ಮುಂದೆ 548 ಹೋಮ್ ರನ್ ಬಾರಿಸಿದರು.

ತಪ್ಪಿದ ಲೆಕ್ಕಗಳು

ಇಷ್ಟೆಲ್ಲ ಇದ್ದೂ ಲೆಕ್ಕ ತಪ್ಪುವುದೇ ಹೆಚ್ಚು. ಟೆಕ್ಸಾಸಿನ ಆಲ್ವಿನ್ ಊರಿನ ನೋಲನ್ ರಯನ್ ಎಂಬ ಶಾಲಾ ಬಾಲಕನ ಎಸೆತ ಕಂಡು ಮೆಟ್ಸ್ ತಂಡದ ಸ್ಕೌಟ್ ರೆಡ್ ಮರ್ಫ್ ಬೆರಗಾಗಿದ್ದರು. ತಮ್ಮ ಮೇಲಧಿಕಾರಿಯನ್ನೂ ಕರೆತಂದರು. ದುರದೃಷ್ಟಕ್ಕೆ ಹಿಂದಿನ ದಿನವಷ್ಟೇ ಶಾಲೆಯ ಕೋಚ್, ತಂಡ ಸೋತ ಸಿಟ್ಟಿಗೆ ಹುಡುಗರನ್ನೆಲ್ಲ ಓಡಿಸಿ ಓಡಿಸಿ ದಣಿಸಿದ್ದರಂತೆ. ಅಂದು ರಯನ್ ಹಿಗ್ಗಾಮುಗ್ಗಾ ಹೊಡೆಸಿಕೊಂಡ. ಪರಿಣಾಮವಾಗಿ 1965ರ ಡ್ರಾಫ್ಟಿನಲ್ಲಿ ಮೆಟ್ಸ್ ಅವನನ್ನು ಆರಿಸಿದ್ದು 12ನೆಯ ಸುತ್ತಿನಲ್ಲಿ. ಆ ಹುಡುಗ 1993ರವರೆಗೆ ಆಡಿ 5,714 ದಾಂಡಿಗರನ್ನು ಸ್ಟ್ರೈಕ್‌ಔಟ್ ಮಾಡಿದ. ಆ ದಾಖಲೆಯ ಹತ್ತಿರಕ್ಕೂ ಯಾರೂ ಸುಳಿದಿಲ್ಲ.

ಮರುವರ್ಷ ಮೊದಲ ಆಯ್ಕೆ ಮೆಟ್ಸ್‌ನದೇ. ಅವರು ಸ್ಟೀವ್ ಚಿಲ್ಕಾಟ್ ಎಂಬ ಕ್ಯಾಚರ್‌ನನ್ನು ಆರಿಸಿದರು. ಎರಡನೆಯವನಾಗಿ ಉಳಿದದ್ದು ರೆಜಿ ಜ್ಯಾಕ್ಸನ್. ಚಿಲ್ಕಾಟ್ ಭುಜದ ಪೆಟ್ಟಿನಿಂದ ಚೇತರಿಸಿಕೊಳ್ಳದೆ ಮೇಜರ್ ಲೀಗ್ ಮೈದಾನಕ್ಕೆ ಇಳಿಯಲೇ ಇಲ್ಲ. ಜ್ಯಾಕ್ಸನ್ 563 ಹೋಮ್ ರನ್ ಹೊಡೆದರು. ತಮಗೆ ಬೇಕಿದ್ದದ್ದು ಕ್ಯಾಚರ್ ಎಂದು ಮೆಟ್ಸ್ ಹೇಳಿತು. ಕರಿಯನಾದ ತನಗೆ ಬಿಳಿಯ ಗೆಳತಿ ಇದ್ದುದೇ ಅವರಿಗೆ ಅಡ್ಡಿಯಾಯಿತು ಎಂದು ಜ್ಯಾಕ್ಸನ್ ಹೇಳಿಕೊಂಡಿದ್ದಾರೆ. ತಂಡ ಇದನ್ನು ಒಪ್ಪಿಲ್ಲ. ಯಾರ ಮಾತು ನಿಜವೇ ಇರಲಿ, ಒಂದು ಅಂಶ ಸ್ಪಷ್ಟ. ಹುಡುಗನ 'ಗುಣನಡತೆ'ಯನ್ನು ತೂಗುವ ತಕ್ಕಡಿಯನ್ನು ಹಿಡಿದವರ ಕೈಯಲ್ಲಿ ಅವರವರ ಪೂರ್ವಗ್ರಹವೂ ಇರುತ್ತದೆ.

1992ರಲ್ಲಿ ಹೂಸ್ಟನ್ ಆಸ್ಟ್ರೋಸ್‌ಗೆ ಮೊದಲ ಸರದಿ. ಅದರ ಸ್ಕೌಟ್ ಹ್ಯಾಲ್ ನ್ಯೂಹೌಸರ್ ತಾವೇ ದೊಡ್ಡ ಪಿಚರ್ ಆಗಿದ್ದವರು. ಮಿಶಿಗನ್ನಿನ ಕಲಮಜೂ ಪಟ್ಟಣದ ಡೆರೆಕ್ ಜೀಟರ್ ಎಂಬ ಹುಡುಗನನ್ನೇ ತೆಗೆದುಕೊಳ್ಳಿ ಎಂದು ಅವರು ಪಟ್ಟುಹಿಡಿದರು. ಜೀಟರ್ ಹೆಚ್ಚು ಹಣ ಕೇಳಬಹುದೆಂಬ ಅಳುಕಿನಿಂದ ತಂಡ ಬೇರೊಬ್ಬನನ್ನು ಆರಿಸಿತು. ನ್ಯೂಹೌಸರ್ ಮನನೊಂದು ಕೆಲಸ ಬಿಟ್ಟರು. ಆರನೆಯವನಾಗಿ ಯಾಂಕೀಸ್ ಸೇರಿದ ಜೀಟರ್ ಐದು ವಿಶ್ವ ಸರಣಿ ಗೆದ್ದರು. ಇನ್ನು 1988ರಲ್ಲಿ ಡಾಡ್ಜರ್ಸ್ ತಂಡ 62ನೆಯ ಸುತ್ತಿನಲ್ಲಿ, 1,390ನೆಯವನಾಗಿ, ಮೈಕ್ ಪಿಯಾಜಾ ಎಂಬವನನ್ನು ಆರಿಸಿದ್ದು ಶುದ್ಧ ದಾಕ್ಷಿಣ್ಯಕ್ಕೆ. ಅವನ ತಂದೆ ಮತ್ತು ತಂಡದ ಮ್ಯಾನೇಜರ್ ಟಾಮಿ ಲಸೋರ್ಡಾ ಸ್ನೇಹಿತರು. ಆ ದಾಕ್ಷಿಣ್ಯದ ಹುಡುಗ 2016ರಲ್ಲಿ ಬೇಸ್‌ಬಾಲಿನ ಕೀರ್ತಿಮಂದಿರ ಸೇರಿದರು.

ಕಣ್ಣೋ, ಅಂಕಿಯೋ?

ಇಷ್ಟು ತಪ್ಪುವ ಕಣ್ಣನ್ನು ನಂಬುವುದೇಕೆ ಎಂಬ ಪ್ರಶ್ನೆ ಏಳಲೇಬೇಕಿತ್ತು. ಅದನ್ನು ಗಟ್ಟಿಯಾಗಿ ಕೇಳಿದವರು ಓಕ್ಲೆಂಡ್ ತಂಡದ ಬಿಲ್ಲಿ ಬೀನ್. 1980ರಲ್ಲಿ ಸ್ಕೌಟ್‌ಗಳು ಕೊಂಡಾಡಿ ಮೊದಲ ಸುತ್ತಿನಲ್ಲೇ ಮೆಟ್ಸ್‌ಗೆ ಆರಿಸಿದ್ದ ಹುಡುಗ ಅವರು. ಮೈಕಟ್ಟು, ಓಟ, ಬಲ ಎಲ್ಲ ಇದ್ದೂ ಆಟಗಾರನಾಗಿ ಮೇಲೇರಲಿಲ್ಲ. ಆಡಳಿತಕ್ಕೆ ಬಂದ ಮೇಲೆ, ಹುಡುಗ ಹೇಗೆ ಕಾಣುತ್ತಾನೆ ಎನ್ನುವುದನ್ನು ಬಿಟ್ಟು ಕಾಲೇಜಿನಲ್ಲಿ ಏನು ಸಾಧಿಸಿದ್ದಾನೆ ಎಂಬ ಅಂಕಿಸಂಖ್ಯೆಯನ್ನು ನೋಡಿ ಎಂದರು. ಅವರ 2002ರ ಡ್ರಾಫ್ಟಿನ ಕಥೆಯನ್ನು ಮೈಕೆಲ್ ಲೂಯಿಸ್ 2003ರ 'ಮನಿಬಾಲ್' ಪುಸ್ತಕದಲ್ಲಿ ಹೇಳಿದರು. ಅಂದು ಅಂಕಿಗಳು ಮೆಚ್ಚಿದ ಎಲ್ಲರೂ ಮೇಲೇರಲಿಲ್ಲ. ದಪ್ಪನೆಯ ಮೈಯ ಕ್ಯಾಚರ್ ಜೆರೆಮಿ ಬ್ರೌನ್ ಮೇಜರ್ ಲೀಗ್‌ನಲ್ಲಿ ಆಡಿದ್ದು 5 ಪಂದ್ಯ ಮಾತ್ರ. ಆದರೆ ಗಾಳಿ ಬದಲಾಗಿತ್ತು. ಕ್ಯಾಮೆರಾ, ರಾಡಾರುಗಳು ಈಗ ಚೆಂಡಿನ ತಿರುಗುವಿಕೆಯನ್ನೂ ಎಣಿಸುತ್ತವೆ. 2020ರ ಕೋವಿಡ್ ಕಾಲದಲ್ಲಿ ಹಲವು ತಂಡಗಳು ಸ್ಕೌಟ್‌ಗಳ ಸಂಖ್ಯೆಯನ್ನೇ ಕಡಿತ ಮಾಡಿದವು. 2021ರಿಂದ ಡ್ರಾಫ್ಟ್ 20 ಸುತ್ತಿಗೆ ಇಳಿದು ವರ್ಷಕ್ಕೆ ಸುಮಾರು 600 ಹುಡುಗರಿಗಷ್ಟೇ ಕರೆ. ಪಿಯಾಜಾ ಸಿಕ್ಕಿದ ಆ 62ನೆಯ ಸುತ್ತು ಈಗ ಇಲ್ಲವೇ ಇಲ್ಲ.

ನಮ್ಮ ದೇಶಕ್ಕೂ ಈ ಹುಡುಕಾಟದ ಒಂದು ಕವಲು ಬಂದಿತ್ತು. 2008ರಲ್ಲಿ ಟಿವಿ ಸ್ಪರ್ಧೆಯೊಂದರ ಮೂಲಕ ಉತ್ತರ ಪ್ರದೇಶದ ಜಾವೆಲಿನ್ ಎಸೆತಗಾರರಾದ ರಿಂಕು ಸಿಂಗ್ ಮತ್ತು ದಿನೇಶ್ ಪಟೇಲ್ ಅವರನ್ನು ಆರಿಸಿ, ಪಿಟ್ಸ್‌ಬರ್ಗ್ ಪೈರೇಟ್ಸ್ ತಂಡ ಕರಾರು ಮಾಡಿಕೊಂಡಿತು. ಇಬ್ಬರೂ ಕಿರಿಯ ಲೀಗ್ ದಾಟಲಿಲ್ಲ. ಡ್ರಾಫ್ಟ್ ಪದ್ಧತಿಯ ರುಚಿಯೂ ಅದೇ ವರ್ಷ ನಮಗೆ ಸಿಕ್ಕಿತು. ಮೊದಲ ಐಪಿಎಲ್‌ಗೆ 19 ವರ್ಷದೊಳಗಿನವರನ್ನು ಸರದಿಯಂತೆ ಆರಿಸಿದಾಗ ಮೊದಲ ಅವಕಾಶ ಇದ್ದ ದೆಹಲಿ ತಂಡ ಬೌಲರ್ ಪ್ರದೀಪ್ ಸಾಂಗ್ವಾನ್‌ರನ್ನು ಆರಿಸಿತು. ದೆಹಲಿಯದೇ ಹುಡುಗ ವಿರಾಟ್ ಕೊಹ್ಲಿ ಬೆಂಗಳೂರಿಗೆ ದಕ್ಕಿದ್ದು ಹೀಗೆ.

ಈ ಎಲ್ಲ ಲೆಕ್ಕಾಚಾರದ ನಡುವೆ ಕೇಳದೆ ಉಳಿಯುವ ದನಿ ಹುಡುಗನದು. ಅನುಭವಿ ಆಟಗಾರರಿಗೆ 1975ರ ಪಂಚಾಯ್ತಿ ತೀರ್ಪಿನ ಬಳಿಕ ತಂಡ ಬದಲಿಸುವ ಸ್ವಾತಂತ್ರ್ಯ ಸಿಕ್ಕಿತು. ಹೊಸಬನಿಗೆ ಇಂದಿಗೂ ಇಲ್ಲ. ಯಾವ ಊರಿಗೆ, ಯಾವ ತಂಡಕ್ಕೆ ಎಂಬುದನ್ನು ಸರದಿ ತೀರ್ಮಾನಿಸುತ್ತದೆ. ಒಲ್ಲೆ ಎಂದರೆ ಕಾಲೇಜಿಗೆ ಹೋಗಿ ಮತ್ತೊಂದು ಡ್ರಾಫ್ಟಿಗೆ ಕಾಯಬೇಕು. 2023ರ ಮೊದಲ ಆಯ್ಕೆ ಪಾಲ್ ಸ್ಕೀನ್ಸ್‌ಗೆ 92 ಲಕ್ಷ ಡಾಲರ್ ಸಿಕ್ಕಿತು, ನಿಜ. ಆದರೆ ಕಿರಿಯ ಲೀಗ್‌ನ ಆಟಗಾರರಿಗೆ ಸಂಘಟಿತರಾಗಿ ಸಂಬಳದ ಒಪ್ಪಂದ ಪಡೆಯಲು ಅದೇ 2023ರವರೆಗೆ ಕಾಯಬೇಕಾಯಿತು. ಡ್ರಾಫ್ಟ್ ತಂಡಗಳ ನಡುವೆ ಒಂದಿಷ್ಟು ಸಮಾನತೆ ತಂದಿತು. ಅದರ ಬೆಲೆಯನ್ನು ತೆತ್ತವರು ಹದಿನೆಂಟರ ಹುಡುಗರು.

1991ರಲ್ಲಿ ಯಾಂಕೀಸ್ 15.5 ಲಕ್ಷ ಡಾಲರ್ ಕೊಟ್ಟು ಮೊದಲಿಗನಾಗಿ ಆರಿಸಿದ ಬ್ರಯನ್ ಟೇಲರ್ ಎಂಬ ಎಡಗೈ ಪಿಚರ್‌ನ ಎಸೆತದಲ್ಲಿ ಯಾವ ಸ್ಕೌಟ್‌ಗೂ ಕೊರತೆ ಕಂಡಿರಲಿಲ್ಲ. 1993ರ ಡಿಸೆಂಬರಿನಲ್ಲಿ ಸಹೋದರನ ಪರವಾಗಿ ಜಗಳಕ್ಕೆ ಹೋಗಿ ಆತ ಭುಜಕ್ಕೆ ತೀವ್ರ ಪೆಟ್ಟು ಮಾಡಿಕೊಂಡ. ಮೇಜರ್ ಲೀಗ್‌ನಲ್ಲಿ ಒಂದು ಚೆಂಡನ್ನೂ ಎಸೆಯಲಿಲ್ಲ. ಬೀಜ ಒಳ್ಳೆಯದೇ ಇತ್ತು, ನೋಡಿದವರ ಕಣ್ಣೂ ಸರಿಯಿತ್ತು. ಮಳೆ, ಗಾಳಿ, ದನಕರುಗಳ ವಿಷಯ ಮಾತ್ರ ಯಾವ ವರದಿಯಲ್ಲೂ ಬರೆಯಲು ಬರುವುದಿಲ್ಲ.