ಟೋಪಿವಾಲೆ

ಬೆಂಗಳೂರಿನ ಜಾನಪದ-ರಾಕ್ ತಂಡ ‘ಸ್ವರಾತ್ಮ’ದ ಎರಡನೆಯ ಆಲ್ಬಂ. ತಂಡದ ಹೆಸರನ್ನೇ ಹೊತ್ತ 2009ರ ಮೊದಲ ಆಲ್ಬಂ ಬಳಿಕ, 2012ರಲ್ಲಿ ಹೊರಬಂತು. ನಿರ್ಮಾಪಕರು ಸಂಗೀತ ನಿರ್ದೇಶಕ ಶಂಕರ್-ಎಹಸಾನ್-ಲಾಯ್ ತ್ರಿವಳಿಯ ಲಾಯ್ ಮೆಂಡೋನ್ಸಾ. ಮುಖ್ಯ ಗಾಯಕ ವಾಸು ದೀಕ್ಷಿತ್, ‘ಅಂತರಾಗ್ನಿ’ ತಂಡದ ಖ್ಯಾತಿಯ ಗಾಯಕ ರಘು ದೀಕ್ಷಿತ್ ಅವರ ತಮ್ಮ.

ಶೀರ್ಷಿಕೆ ಗೀತೆ ಜನರಿಗೆ ಟೋಪಿ ಹಾಕುವ ರಾಜಕಾರಣಿಗಳನ್ನು ಕುಣಿಕುಣಿಯುತ್ತಲೇ ಲೇವಡಿ ಮಾಡುತ್ತದೆ. ‘ಬೇಟಾ ಸ್ವೆಟರ್ ಪೆಹ್ನೋ’ (ಮಗನೇ, ಸ್ವೆಟರ್ ಹಾಕಿಕೋ) ಹಾಡಿನ ಹೆಸರಲ್ಲೇ ತುಂಟತನವಿದೆ. ‘ಕೂರಾಣೆ’ಯಂಥ ಹಾಡುಗಳೂ ಇದರಲ್ಲಿವೆ.

ಹಾಗೆಂದು ಇದು ಬರೀ ತಮಾಷೆಯಲ್ಲ. ‘ಘುಮ್’ ಮಕ್ಕಳ ಮೇಲಿನ ಲೈಂಗಿಕ ದೌರ್ಜನ್ಯವನ್ನು ಕುರಿತದ್ದು. ಅಂಥ ವಿಷಯವನ್ನು ಕುಣಿತದ ಹಾಡುಗಳ ಪಕ್ಕದಲ್ಲೇ ಇಟ್ಟದ್ದು ತಂಡದ ಎದೆಗಾರಿಕೆ.

ರಂಗದ ಮೇಲೆ ಬಣ್ಣಬಣ್ಣದ ವೇಷ, ಸೊಂಟಕ್ಕೆ ಕಟ್ಟಿದ ಹುಸಿಕುದುರೆ ಇವರ ಗುರುತು. ಮೂರನೆಯ ಆಲ್ಬಂ ‘ರಾಹ್-ಎ-ಫಕೀರಾ’ ಬಂದದ್ದು 2018ರಲ್ಲಿ.